ಚೂಟಿಯ ಮೊದಲ ಬಿಲ

ಮೊದಲೇ ಹೇಳ್ಬಿಡ್ತೀನಿ, ನಾನು ಎಲ್‌ಕೆಜಿಯಿಂದಲೂ ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡೋಕೆ ಚೆನ್ನಾಗಿ ಬರುತ್ತೆ, ಓದೋಕೆ ನಿಧಾನವಾಗಿ ಬರುತ್ತೆ, ಬರೆಯೋದು ಅಂದ್ರೆ ಮಾತ್ರ ಕೈ ನಡುಗುತ್ತೆ. ನಮ್ಮ ಕನ್ನಡ ಸಂಘದ ಸೀನಿಯರ್ ಒಬ್ಬರು "ರಜದಲ್ಲಿ ಇಂಗ್ಲೆಂಡಿಗೆ ಹೋಗಿದ್ಯಂತಲ್ಲ, ಒಂದು ಪ್ರವಾಸ ಕಥನ ಬರಿ" ಅಂದ್ರು. ಆದ್ರೆ ನಾನು ಬಿಗ್ ಬೆನ್ ನೋಡ್ಲಿಲ್ಲ, ಲಂಡನ್ ಬ್ರಿಡ್ಜೂ ನೋಡ್ಲಿಲ್ಲ. ಮೂರು ವಾರದಲ್ಲಿ ನಾನು ಸರಿಯಾಗಿ ನೋಡಿದ್ದು ಒಂದೇ ವಿಷಯ. ಫೆರೆಟ್ ಅನ್ನೋ ಪ್ರಾಣಿಯ ಮರಿಗಳಿಗೆ ಮೊಲದ ಬಿಲಕ್ಕೆ ಇಳಿಯೋದನ್ನ ಹೇಗೆ ಕಲಿಸ್ತಾರೆ ಅನ್ನೋದು. ಅದನ್ನೇ ಬರೀತೀನಿ.

ನಾನು ಹೋಗಿದ್ದು ಅಜ್ಜಿಯನ್ನು ಕರ್ಕೊಂಡು ಬರೋಕೆ. ನಮ್ಮ ಅತ್ತೆ ಯಾರ್ಕ್ ನಗರದ ಹತ್ತಿರ ಒಂದು ಹಳ್ಳಿಯಲ್ಲಿದ್ದಾರೆ, ಆಸ್ಪತ್ರೆಯಲ್ಲಿ ನರ್ಸ್. ಅವರಿಗೆ ಮಗು ಆದಾಗ ಅಜ್ಜಿ ಬಾಣಂತನಕ್ಕೆ ಹೋಗಿದ್ರು. ಆರು ತಿಂಗಳ ವೀಸಾ ಮುಗೀತಾ ಬಂತು, ಅಜ್ಜಿಗೆ ಒಬ್ಬರೇ ವಿಮಾನದಲ್ಲಿ ಬರೋಕೆ ಭಯ. ಕಳೆದ ಡಿಸೆಂಬರ್‌ನಲ್ಲಿ ನನ್ನ ಮೂರನೇ ಸೆಮ್ ಪರೀಕ್ಷೆ ಮುಗಿದಿತ್ತು. ಹಾಗಾಗಿ ನನ್ನ ಕಳಿಸಿದ್ರು.

ಅತ್ತೆ ಮನೆ ಪಕ್ಕದಲ್ಲಿ ಒಬ್ಬ ತಾತ ಇದ್ದಾರೆ. ವಯಸ್ಸು ಎಪ್ಪತ್ತೆಂಟು, ಬಿಳಿ ಮೀಸೆ. ಅಜ್ಜಿ ಅವರನ್ನ "ಮೀಸೆ ತಾತ" ಅಂತಾನೇ ಕರೀತಿದ್ರು. ಅಜ್ಜಿಗೆ ಇಂಗ್ಲಿಷ್ ಬರಲ್ಲ, ಅವರಿಗೆ ಕನ್ನಡ ಬರಲ್ಲ. ಆದ್ರೂ ದಿನಾ ಬೇಲಿ ಆಚೆ ಈಚೆ ನಿಂತು ಅರ್ಧ ಗಂಟೆ ಮಾತಾಡ್ತಿದ್ರು. ಆ ಬೇಲಿ ಆಚೆ ಮರದ ಗೂಡುಗಳಿದ್ವು. ಅದರೊಳಗೆ ಉದ್ದಕ್ಕೆ, ಗಿಡ್ಡ ಕಾಲಿನ, ಹಾವಿಗೂ ಬೆಕ್ಕಿಗೂ ಹುಟ್ಟಿದ ಹಾಗಿರೋ ಪ್ರಾಣಿಗಳು.

"ಇದೇನಜ್ಜಿ, ಮುಂಗುಸಿನಾ?" ಅಂದೆ.

"ನಾನೂ ಹಂಗೇ ಅಂದ್ಕಂಡಿದ್ದೆ ಮಗ. ಅಲ್ವಂತೆ. ನೀನು ಓದಿರೋನು, ಕೇಳಿ ಹೇಳು" ಅಂದ್ರು.

ಹೀಗೆ ಶುರುವಾಯ್ತು ನನ್ನ ಕೆಲಸ. ತಾತನ್ನ ಇಂಗ್ಲಿಷಲ್ಲಿ ಕೇಳೋದು, ಅಜ್ಜಿಗೆ ಕನ್ನಡದಲ್ಲಿ ಹೇಳೋದು. ಫೆರೆಟ್ ಮುಂಗುಸಿ ಅಲ್ಲ. ನಮ್ಮ ನದಿಗಳಲ್ಲಿರೋ ನೀರುನಾಯಿಯ ಕುಟುಂಬಕ್ಕೆ ಸೇರಿದ್ದು. ಯುರೋಪಿನ ಪೋಲ್‌ಕ್ಯಾಟ್ ಅನ್ನೋ ಕಾಡುಪ್ರಾಣಿಯನ್ನ ಮನುಷ್ಯರು ಸಾವಿರಾರು ವರ್ಷ ಪಳಗಿಸಿ ಮಾಡಿಕೊಂಡ ಸಾಕುಪ್ರಾಣಿ ಇದು. ಗಂಡಿಗೆ ಹಾಬ್, ಹೆಣ್ಣಿಗೆ ಜಿಲ್, ಮರಿಗೆ ಕಿಟ್ ಅಂತಾರೆ. ರೋಮನ್ ಲೇಖಕ ಪ್ಲಿನಿ ಬರೆದಿರೋ ಪ್ರಕಾರ, ಬಾಲೆಯಾರಿಕ್ ದ್ವೀಪಗಳಲ್ಲಿ ಮೊಲಗಳು ಬೆಳೆ ತಿಂದು ಹಾಳು ಮಾಡಿದಾಗ ಜನ ಸೈನ್ಯ ಕಳಿಸಿ ಅಂತ ಚಕ್ರವರ್ತಿ ಅಗಸ್ಟಸ್‌ನನ್ನೇ ಕೇಳಿದ್ರಂತೆ. ಮೊಲ ಹಿಡಿಯೋಕೆ ಬಿಲದೊಳಗೆ ಬಿಡ್ತಿದ್ದ ಇಂಥ ಪ್ರಾಣಿಯ ಬಗ್ಗೆಯೂ ಅವನು ಅಲ್ಲೇ ಬರೆದಿದ್ದಾನೆ.

ಇಷ್ಟು ಹೇಳುವಷ್ಟರಲ್ಲಿ ಅಜ್ಜಿ ತಡೆದ್ರು. "ಮೊಲ ಬಿಲದಲ್ಲಿ ಎಲ್ಲಿರುತ್ತೆ? ಪೊದೆ ಕೆಳಗಲ್ವಾ ಮಲಗೋದು?"

ಅಜ್ಜಿ ಹೇಳಿದ್ದು ಸರಿ! ನಮ್ಮೂರ ಹೊಲಗಳಲ್ಲಿ ಇರೋ ಮೊಲ ಬಿಲ ತೋಡಲ್ಲ. ಇಂಗ್ಲಿಷಲ್ಲಿ ಅದಕ್ಕೆ ಹೇರ್ ಅಂತಾರೆ, ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣು ತೆರೆದಿರುತ್ತೆ. ಬಿಲದಲ್ಲಿ ಗುಂಪಾಗಿ ಇರೋದು ರ‍್ಯಾಬಿಟ್. ಅದರ ಮರಿಗಳು ಬೋಳಾಗಿ, ಕುರುಡಾಗಿ ಹುಟ್ಟುತ್ವೆ. ಕನ್ನಡದಲ್ಲಿ ಎರಡಕ್ಕೂ ನಾವು ಮೊಲ ಅಂತಾನೇ ಅಂತೀವಿ. ಹನ್ನೆರಡು ವರ್ಷ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಹೇರ್, ರ‍್ಯಾಬಿಟ್ ಎರಡೂ ಪದ ಗೊತ್ತಿತ್ತು, ವ್ಯತ್ಯಾಸ ಗೊತ್ತಿರಲಿಲ್ಲ. ಅಜ್ಜಿಗೆ ಪದ ಒಂದೇ, ಆದ್ರೆ ಮೊಲ ಗೊತ್ತಿತ್ತು.

ಈಗ ಮೊಲ ಯಾಕೆ ಹಿಡೀತಾರೆ ಅಂತ. ಅಲ್ಲಿ ಚಳಿಗಾಲದಲ್ಲಿ ಗೋಧಿ ಪೈರು ಇನ್ನೂ ಎಳೆಯದು, ಮೊಲಗಳು ಹೊಲದ ಅಂಚಿಂದ ಮೇಯ್ಕೊಂಡು ಬರ್ತವೆ. 1954ರ ಒಂದು ಕಾನೂನಿನ ಪ್ರಕಾರ ತನ್ನ ಜಮೀನಿನಲ್ಲಿ ಮೊಲ ಹೆಚ್ಚಾಗದ ಹಾಗೆ ನೋಡಿಕೊಳ್ಳೋದು ರೈತನದೇ ಜವಾಬ್ದಾರಿ. ಕೆಲವರು ಬಿಲಕ್ಕೆ ವಿಷಾನಿಲ ಬಿಡ್ತಾರೆ. ತಾತನಿಗೆ ಅದು ಇಷ್ಟ ಇಲ್ಲ. "ಹಾಗೆ ಸತ್ತ ಮೊಲನ ಯಾರೂ ತಿನ್ನಲ್ಲ, ಬಿಲದಲ್ಲೇ ಕೊಳೆಯುತ್ತೆ" ಅಂತಾರೆ. (ನಮ್ಮಲ್ಲಿ ಕಾಡುಮೊಲ ಹಿಡಿಯೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಇದನ್ನ ಓದಿ ಯಾರೂ ಹಾಸ್ಟೆಲ್ ಹಿಂದೆ ಬಲೆ ಹಾಕೋಕೆ ಹೋಗಬೇಡಿ.)

ಸಾಮಾನ್ಯವಾಗಿ ಮೇ ತಿಂಗಳ ಹೊತ್ತಿಗೆ ಹುಟ್ಟಿದ ಮರಿಗಳನ್ನ ಅಕ್ಟೋಬರ್, ನವೆಂಬರ್‌ನಲ್ಲಿ ಕೆಲಸಕ್ಕೆ ಹಚ್ತಾರೆ. ಗಿಡಗಂಟಿ ಒಣಗಿ ಬಿಲದ ಬಾಯಿಗಳು ಕಾಣೋ ಕಾಲ ಅದು. ಈ ಸಲ ತಾತನಿಗೆ ಮಂಡಿ ಆಪರೇಷನ್ ಆಗಿ ತಡವಾಗಿತ್ತು. ಬಗ್ಗೋಕೆ ಕಷ್ಟ. ಬಲೆ ಹಾಕೋಕೆ, ಗುದ್ದಲಿ ಹೊರೋಕೆ ಒಬ್ಬ ಹುಡುಗ ಬೇಕಿತ್ತು. ನಾನು ಸಿಕ್ಕೆ.

ಎರಡು ಮರಿಗಳು. ಒಂದು ಗಂಡು, ಒಂದು ಹೆಣ್ಣು. ಹೆಣ್ಣುಮರಿ ಒಂದು ನಿಮಿಷ ಸುಮ್ಮನಿರ್ತಿರಲಿಲ್ಲ, ಅಜ್ಜಿ ಅದಕ್ಕೆ "ಚೂಟಿ" ಅಂತ ಹೆಸರಿಟ್ರು. ತಾತನೂ ಎರಡು ದಿನದಲ್ಲಿ "ಚೂಟಿ ಚೂಟಿ" ಅಂತ ಕರೆಯೋಕೆ ಶುರು ಮಾಡಿದ್ರು. ಅವರ ಬಾಯಲ್ಲಿ ಅದು "ಚೂಡಿ" ಆಗ್ತಿತ್ತು, ಅಷ್ಟೇ.

ಕಲಿಸೋದು ಬಿಲದ ಹತ್ತಿರ ಶುರುವಾಗಲ್ಲ, ಗೂಡಲ್ಲಿ ಶುರುವಾಗುತ್ತೆ. ಮರಿ ಕಣ್ಣು ಬಿಟ್ಟ ಕಾಲದಿಂದ ದಿನಾ ಕೈಯಲ್ಲಿ ಎತ್ತಿಕೋಬೇಕು. ಇಲ್ಲ ಅಂದ್ರೆ ಕಚ್ಚುತ್ತೆ, ಆ ಕಡಿತ ಸಣ್ಣದಲ್ಲ. ಗೂಡಿನ ಮುಂದೆ ಹಳೇ ಚರಂಡಿ ಪೈಪಿನ ತುಂಡುಗಳನ್ನ ಜೋಡಿಸಿಡ್ತಾರೆ. ಒಂದು ಕಡೆಯಿಂದ ಮರಿ ಬಿಟ್ಟು ಇನ್ನೊಂದು ಕಡೆ ಊಟ ಇಡ್ತಾರೆ. ಕತ್ತಲೆಯ ಕೊಳವೆ ಅಂದ್ರೆ ಭಯ ಅಲ್ಲ, ಆಚೆ ಏನೋ ಒಳ್ಳೇದಿದೆ ಅಂತ ಅದಕ್ಕೆ ಗೊತ್ತಾಗಬೇಕು. ಕೂದಲು ಸಮೇತ ಮೊಲದ ಮಾಂಸ ಕೊಟ್ಟು ವಾಸನೆ ಪರಿಚಯ ಮಾಡಿಸ್ತಾರೆ. ಕುತ್ತಿಗೆಗೆ ಸಣ್ಣ ಟ್ರಾನ್ಸ್‌ಮಿಟರ್ ಇರೋ ಪಟ್ಟಿ ಕಟ್ಟಿ ಮನೆಯಲ್ಲೇ ರೂಢಿ ಮಾಡಿಸ್ತಾರೆ. ಆ ಪಟ್ಟಿಯ ಸಿಗ್ನಲ್ ಹಿಡಿದು ನೆಲದ ಕೆಳಗೆ ಫೆರೆಟ್ ಎಲ್ಲಿದೆ, ಎಷ್ಟು ಆಳದಲ್ಲಿದೆ ಅಂತ ಹೇಳೋ ಒಂದು ಲೊಕೇಟರ್ ತಾತನ ಕೈಯಲ್ಲಿರುತ್ತೆ. (ಇಸಿ ಬ್ರಾಂಚಿನವರೇ, ಪ್ರಾಜೆಕ್ಟ್ ಐಡಿಯಾ ಬೇಕಾದ್ರೆ ತಗೊಳ್ಳಿ.)

ಹೊರಡೋ ದಿನ ಬೆಳಿಗ್ಗೆ ಸ್ವಲ್ಪವೇ ಊಟ. ಪೂರ್ತಿ ಉಪವಾಸ ಕೆಡವಿದ್ರೆ ಒಳಗೇ ಮೊಲ ಕೊಂದು ತಿಂದು ಅಲ್ಲೇ ಮಲಗಿಬಿಡುತ್ತೆ. ಹೊಟ್ಟೆ ತುಂಬಿದ್ರೆ ಕೆಲಸವೇ ಮಾಡಲ್ಲ. ನಮ್ಮ ಲ್ಯಾಬ್ ಇಂಟರ್ನಲ್ಸ್ ದಿನದ ಕಥೆಯ ಹಾಗೇ.

ಮೊದಲ ಬಿಲ ಆರಿಸೋದೇ ಮುಖ್ಯ ಅಂದ್ರು ತಾತ. ದೊಡ್ಡ ಹಳೇ ಬಿಲ ಬೇಡ. ಅಲ್ಲಿ ಮೂವತ್ತು ನಲವತ್ತು ಬಾಯಿ ಇರುತ್ತೆ, ಒಳಗೆ ದಾರಿಗಳು ಕವಲೊಡೆದಿರುತ್ವೆ, ದೊಡ್ಡ ಗಂಡು ಮೊಲ ಹಿಂಗಾಲಲ್ಲಿ ಒದ್ದರೆ ಮರಿ ಹೆದರಿ ಮತ್ತೆ ಜನ್ಮದಲ್ಲಿ ಇಳಿಯಲ್ಲ. ಎರಡು ಮೂರು ಬಾಯಿಯ, ಮೆದು ಮಣ್ಣಿನ, ಆಳ ಇಲ್ಲದ ಬಿಲ ಹುಡುಕಬೇಕು. ಒಳಗೆ ಒಂದೋ ಎರಡೋ ಮೊಲ ಇದ್ರೆ ಸಾಕು. "ಮೊದಲ ದಿನ ಅದು ಸೋಲಬಾರದು" ಅಂದ್ರು.

ಆ ದಿನ ಹುಲ್ಲಿನ ಮೇಲೆಲ್ಲ ಬಿಳಿ ಇಬ್ಬನಿ ಹೆಪ್ಪುಗಟ್ಟಿತ್ತು. ಹೊಲದ ಅಂಚಿನಲ್ಲಿ ಮೂರು ಬಾಯಿಯ ಬಿಲ. ನಾನು ಬೆಕ್ಕಿನ ಹೆಜ್ಜೆ ಇಟ್ಟು ಒಂದೊಂದು ಬಾಯಿಗೂ ಚೀಲದ ಹಾಗೆ ಮುಚ್ಚಿಕೊಳ್ಳೋ ಬಲೆ ಹಾಸಿ ಗೂಟ ಚುಚ್ಚಿದೆ. ಜೋರಾಗಿ ಕಾಲಿಡೋ ಹಾಗಿಲ್ಲ, ಮಾತಾಡೋ ಹಾಗಿಲ್ಲ. ಮೇಲೆ ಯಾರೋ ಇದ್ದಾರೆ ಅಂತ ಗೊತ್ತಾದ್ರೆ ಮೊಲ ಹೊರಗೆ ಬರಲ್ಲ.

ಮೊದಲು ಗಂಡುಮರಿ ಇಳಿದು ಬಂತು, ಒಳಗಿಂದ ಏನೂ ಎದ್ದು ಬರಲಿಲ್ಲ. ಆಮೇಲೆ ಚೂಟಿ. ಬಿಲದೊಳಗೆ ತಳ್ಳಬಾರದು, ಬಾಯಿಂದ ಒಂದಡಿ ದೂರ ನೆಲಕ್ಕೆ ಬಿಟ್ಟು ಅದಾಗೇ ಹೋಗೋಕೆ ಬಿಡಬೇಕು. ಚೂಟಿ ಮೂಸಿತು, ಹಿಂದೆ ತಿರುಗಿ ನಮ್ಮನ್ನ ನೋಡಿತು, ಮತ್ತೆ ಮೂಸಿತು. ಬಾಲದ ಕೂದಲೆಲ್ಲ ಬಾಟಲಿ ತೊಳೆಯೋ ಬ್ರಷ್ ತರ ನಿಂತ್ವು. ಬಲೆಯ ಕಣ್ಣಿನೊಳಗೆ ನುಸುಳಿ ಇಳಿದುಹೋಯ್ತು.

ಎರಡು ನಿಮಿಷ ಏನೂ ಇಲ್ಲ. ಆಮೇಲೆ ನೆಲದೊಳಗಿಂದ ಧಬ್ ಧಬ್ ಅಂತ ಸದ್ದು. ನನ್ನ ಅಂಗಾಲಿಗೇ ತಿಳೀತು. ಮರುಕ್ಷಣ ಆ ಕಡೆಯ ಬಾಯಿಂದ ಮೊಲ ಚಿಮ್ಮಿ ಬಲೆಗೆ ಬಿತ್ತು. ತಾತ ಮಂಡಿ ನೋವಲ್ಲೂ ಎರಡೇ ಹೆಜ್ಜೆಗೆ ಹೋಗಿ ಅದರ ಕತ್ತು ಮುರಿದ್ರು. ಒಂದು ಸೆಕೆಂಡೂ ಆಗಲಿಲ್ಲ. ನಮ್ಮದು ಮುದ್ದೆ, ನಾಟಿಕೋಳಿ ಸಾರಿನ ಮನೆ. ಆದ್ರೂ ಒಂದು ಜೀವ ಅಷ್ಟು ಹತ್ತಿರದಲ್ಲಿ ಹೋಗೋದನ್ನ ನಾನು ನೋಡಿರಲಿಲ್ಲ. ಹೊಟ್ಟೆಯಲ್ಲಿ ಏನೋ ತಿರುಗಿದ ಹಾಗಾಯ್ತು. "ತಿನ್ನೋನು ಒಂದು ಸಲನಾದ್ರೂ ನೋಡಿರಬೇಕು" ಅಂದ್ರು ತಾತ. ನಾನು ಏನೂ ಹೇಳಲಿಲ್ಲ.

ಈಗ ನನ್ನ ತಪ್ಪಿನ ಭಾಗ.

ಬರುವಾಗಲೇ ತಾತ ನನಗೆ ಒಂದೇ ಒಂದು ನಿಯಮ ಹೇಳಿದ್ರು. ಮರಿ ಹೊರಗೆ ಬರುವಾಗ ಕೈ ಹಾಕಬೇಡ. ಪೂರ್ತಿ ಹೊರಗೆ ಬರಲಿ, ಮೈ ಕೊಡವಿಕೊಳ್ಳಲಿ, ಆಮೇಲೆ ಅಂಗೈ ತೆರೆದು ಕೆಳಗಿಂದ ಎತ್ತು. ಸತ್ತ ಮೊಲವನ್ನ ಅದರ ಮುಂದಿಟ್ಟು ಸ್ವಲ್ಪ ಎಳೆದಾಡೋಕೆ ಬಿಡು. ಹೊರಗೆ ಬಂದ್ರೆ ಒಳ್ಳೇದಾಗುತ್ತೆ ಅಂತ ಅದಕ್ಕೆ ಗೊತ್ತಾಗಲಿ.

ಚೂಟಿ ನನ್ನ ಕಡೆಯ ಬಾಯಿಂದ ತಲೆ ಹೊರಗೆ ಹಾಕಿತು. ಮೂತಿ ತುಂಬ ಮಣ್ಣು. ನನಗೆ ಖುಷಿ, ಜೊತೆಗೆ ಇದು ಬೇಲಿ ಕಡೆ ಓಡಿಹೋದ್ರೆ ಏನು ಗತಿ ಅಂತ ಭಯ. ಯೋಚನೆ ಮಾಡೋಕೆ ಮುಂಚೆ ಕೈ ಹೋಯ್ತು. ಗಬಕ್ಕನೆ ಕುತ್ತಿಗೆ ಹಿಡಿಯೋಕೆ ಹೋದೆ, ಅದು ಕೊಸರಿಕೊಂಡು ಒಳಗೆ ಹೋಗಿಬಿಡ್ತು.

ಅಷ್ಟೇ. ಆಮೇಲೆ ಅದು ಹೊರಗೆ ಬರಲೇ ಇಲ್ಲ. ಬರುತ್ತೆ, ಮೂಗು ತೋರಿಸುತ್ತೆ, ನನ್ನ ನೋಡುತ್ತೆ, ಹಿಂದೆ ಹೋಗುತ್ತೆ. ಸತ್ತ ಮೊಲ ತೋರಿಸಿದ್ವಿ, ಊಟಕ್ಕೆ ಕರೆಯೋ ಸಿಳ್ಳೆ ಹಾಕಿದ್ವಿ. ಮತ್ತದೇ. ಲೊಕೇಟರ್ ಟಿಕ್ ಟಿಕ್ ಅಂತಾನೇ ಇತ್ತು, ಅಂದ್ರೆ ಬಿಲದ ಬಾಯಿಂದ ಒಂದೇ ಮೊಳ ಒಳಗಿದೆ. ಸಿಕ್ಕಿಹಾಕಿಕೊಂಡಿಲ್ಲ, ಗಾಯ ಆಗಿಲ್ಲ. ನಂಬಿಕೆ ಹೋಗಿದೆ ಅಷ್ಟೇ. ಅಗೆಯೋಣ್ವಾ ಅಂತ ಕೇಳಿದೆ. "ನೀನು ಅಗೆದ ಕಡೆಯಿಂದ ಅದು ಇನ್ನೊಂದು ಕಡೆ ಹೋಗುತ್ತೆ, ಇನ್ನೂ ಹೆದರುತ್ತೆ" ಅಂದ್ರು. ಇಂಥ ಫೆರೆಟ್‌ಗೆ ಅವರಲ್ಲಿ ಒಂದು ಹೆಸರೇ ಇದೆಯಂತೆ. ಬಾಯಲ್ಲೇ ನಿಂತು ಹೊರಗೆ ಬರದೆ ಆಟ ಆಡಿಸೋದು. ಹುಟ್ಟಿನಿಂದ ಹಾಗಿರಲ್ಲ, ಹಿಡಿಯೋರ ಅವಸರದಿಂದ ಹಾಗಾಗುತ್ತೆ ಅಂದ್ರು. ನನ್ನ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಡಿಸೆಂಬರ್‌ನಲ್ಲಿ ಅಲ್ಲಿ ಮಧ್ಯಾಹ್ನ ಮುಕ್ಕಾಲು ನಾಲ್ಕಕ್ಕೆ ಸೂರ್ಯ ಮುಳುಗುತ್ತೆ. ಕತ್ತಲಾಯ್ತು. ಎರಡು ಬಾಯಿಗಳನ್ನ ಮಣ್ಣು ಹಾಕಿ ಮುಚ್ಚಿ, ಮೂರನೇದರ ಬಾಯಿಗೆ ಫೆರೆಟ್ ಹೊತ್ತು ತರೋ ಮರದ ಪೆಟ್ಟಿಗೆಯನ್ನ ಬಾಗಿಲು ತೆರೆದು ಇಟ್ವಿ. ಒಳಗೆ ಅದರದೇ ಗೂಡಿನ ಒಣಹುಲ್ಲು, ಒಂದು ತುಂಡು ಮಾಂಸ. ಮನೆಗೆ ಬಂದ್ವಿ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನರಿ ಬಂದ್ರೆ? ಮಣ್ಣು ಕೆದಕಿ ಇನ್ನೊಂದು ಕಡೆಯಿಂದ ಹೋಗಿಬಿಟ್ರೆ? ಅಜ್ಜಿ ಮೊಲದ ಸಾರು ಮಾಡಿದ್ರು, ಊರಿಂದ ತಂದಿದ್ದ ಖಾರದಪುಡಿ ಹಾಕಿ. ನಾನು ಊಟ ಮಾಡಲಿಲ್ಲ. ಅಜ್ಜಿ ಪಕ್ಕದಲ್ಲಿ ಬಂದು ಕೂತ್ರು. ಏನಾಯ್ತು ಹೇಳು ಅಂದ್ರು. ಎಲ್ಲ ಕನ್ನಡದಲ್ಲಿ ಹೇಳಿದೆ. ಮಧ್ಯೆ ಪದ ಸಿಗದೆ ತಡವರಿಸಿದಾಗ ಅಜ್ಜಿ ಅವಸರ ಮಾಡಲಿಲ್ಲ, ನಗಲಿಲ್ಲ. ಕಾದ್ರು. ನಾನು "ಅದು ಹೊರಗೆ ಬರೋಕೆ ಶೈ ಆಗ್ತಿದೆ" ಅಂದಾಗ ಮಾತ್ರ "ಅಳುಕ್ತಾ ಐತೆ ಅನ್ನು" ಅಂದ್ರು.

ಅಳುಕು. ಆ ಪದ ಕೇಳಿದ ತಕ್ಷಣ ನನಗೆ ಎಂಟನೇ ಕ್ಲಾಸ್ ನೆನಪಾಯ್ತು. ಕನ್ನಡ ನಮಗೆ ಸೆಕೆಂಡ್ ಲಾಂಗ್ವೇಜ್. "ನನ್ನ ಅಜ್ಜಿಯ ಊರು" ಅಂತ ಪ್ರಬಂಧ ಬರೆಯೋಕೆ ಹೇಳಿದ್ರು. ನಾನು ಅಜ್ಜಿ ಮಾತಾಡೋ ಹಾಗೇ ಎರಡು ಪುಟ ಬರೆದಿದ್ದೆ. ಆಸೆಯಿಂದ ಬರೆದಿದ್ದೆ. ಟೀಚರ್ ಅದನ್ನ ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದ್ರು, ಒಂದೊಂದು ತಪ್ಪಿಗೂ ನಿಲ್ಲಿಸಿ. ಅ-ಕಾರ ಹ-ಕಾರ, ಒತ್ತಕ್ಷರ. ಎಲ್ಲರೂ ನಕ್ಕರು. ಅವರ ಉದ್ದೇಶ ಕೆಟ್ಟದಿರಲಿಲ್ಲ, ತಿದ್ದಬೇಕು ಅಂತಾನೇ ಮಾಡಿದ್ರು ಅಂತ ಈಗ ಅನ್ನಿಸುತ್ತೆ. ನಾನು ಚೂಟಿಗೆ ಮಾಡಿದ್ದೂ ಕೆಟ್ಟ ಉದ್ದೇಶದಿಂದಲ್ಲ. ಆದ್ರೆ ಅವತ್ತಿಂದ ನಾನು ಕನ್ನಡದಲ್ಲಿ ಪರೀಕ್ಷೆಗೆ ಬಿಟ್ಟು ಒಂದು ಸಾಲು ಬರೆಯಲಿಲ್ಲ. ಪಿಯುಸಿಯಲ್ಲಿ ಕನ್ನಡವನ್ನೇ ಬಿಟ್ಟೆ. ಬಿಲದ ಬಾಯಿಂದ ಒಂದು ಮೊಳ ಒಳಗೆ, ಆರು ವರ್ಷ.

ಬೆಳಿಗ್ಗೆ ಎಂಟಕ್ಕೆ ಇನ್ನೂ ಮಬ್ಬುಗತ್ತಲೆ. ತಾತ ನಿಧಾನಕ್ಕೆ ಬರ್ತಿದ್ರು, ನಾನು ಮುಂದೆ ಓಡಿದೆ. ಪೆಟ್ಟಿಗೆ ಹತ್ತಿರ ಬಂದಾಗ ಮಾತ್ರ ಹೆಜ್ಜೆ ಸಣ್ಣ ಮಾಡಿದೆ. ಒಳಗೆ ಹುಲ್ಲಲ್ಲಿ ಚಕ್ಕುಲಿ ತರ ಸುತ್ತಿಕೊಂಡು ಚೂಟಿ ಮಲಗಿತ್ತು. ಮಾಂಸ ಖಾಲಿ. ನನಗೆ ಕಣ್ಣಲ್ಲಿ ನೀರು ಬಂತು, ಚಳಿಗೆ ಅಂತ ಹೇಳಿದೆ.

ಸಿಕ್ಕಿದ್ದೇನೋ ಸಿಕ್ತು, ಆದ್ರೆ ಕಲಿತಿದ್ದು ಹೋಗಿತ್ತು. ಮತ್ತೆ ಪೈಪಿನಿಂದ ಶುರು. ಹತ್ತು ದಿನ ನನ್ನ ಕೆಲಸ ಒಂದೇ. ಪೈಪಿನ ಬಾಯಿ ಮುಂದೆ ಕೂತು ಅಂಗೈ ನೆಲದ ಮೇಲೆ ಇಟ್ಟುಕೊಂಡು ಸುಮ್ಮನಿರೋದು. ಬೆರಳು ಅಲ್ಲಾಡಿಸೋ ಹಾಗಿಲ್ಲ. ಮೊದಲ ದಿನ ಚೂಟಿ ಪೈಪಿನ ಅಂಚಿಗೆ ಬಂದು ಹೋಯ್ತು. ಮೂರನೇ ದಿನ ಅಂಗೈ ಮೇಲಿದ್ದ ಮಾಂಸ ಕಿತ್ತುಕೊಂಡು ಓಡಿತು. ಆರನೇ ದಿನ ಅಲ್ಲೇ ನಿಂತು ತಿಂತು. ಆಮೇಲೆ ಒಂದು ದಿನ ಮಾಂಸ ಇಲ್ಲದಿದ್ರೂ ಬಂದು ಅಂಗೈ ಮೂಸಿ, ಜಾಕೆಟ್ ತೋಳಿನೊಳಗೆ ನುಗ್ಗಿತು. ಕಂಕುಳವರೆಗೂ! ಅಜ್ಜಿ ನಕ್ಕಿದ್ದೇ ನಕ್ಕಿದ್ದು.

ಆ ದಿನಗಳಲ್ಲೇ ಮಾಮ ನನಗೆ ಒಂದು ವಿಷಯ ಹೇಳಿದ್ರು. ನಮ್ಮ ಕಾಲೇಜಿನವರಿಗೆ ಇದು ಇಷ್ಟ ಆಗುತ್ತೆ. ಅಮೆರಿಕದ ಫರ್ಮಿಲ್ಯಾಬ್‌ನಲ್ಲಿ 1971ರಲ್ಲಿ ಕಣ ವೇಗವರ್ಧಕ ಕಟ್ಟುವಾಗ, ಉದ್ದನೆಯ ಕೊಳವೆಗಳ ಒಳಗೆ ಉಳಿದಿದ್ದ ಲೋಹದ ಚೂರು, ಧೂಳು ತೆಗೆಯೋದು ದೊಡ್ಡ ತಲೆನೋವಾಗಿತ್ತು. ಆಗ ರಾಬರ್ಟ್ ಶೆಲ್ಡನ್ ಅನ್ನೋ ಬ್ರಿಟಿಷ್ ಇಂಜಿನಿಯರ್‌ಗೆ ಯಾರ್ಕ್‌ಶೈರ್‌ನ ಮೊಲದ ಬೇಟೆ ನೆನಪಾಯ್ತಂತೆ. ಫೆಲಿಸಿಯಾ ಅನ್ನೋ ಹೆಣ್ಣು ಫೆರೆಟ್ ತರಿಸಿದ್ರು. ಅದರ ಕುತ್ತಿಗೆಪಟ್ಟಿಗೆ ದಾರ ಕಟ್ಟಿ ಕೊಳವೆಯೊಳಗೆ ಬಿಡೋದು, ಆಚೆ ಬಂದ ಮೇಲೆ ಆ ದಾರದಿಂದ ಶುಚಿ ಮಾಡೋ ಬಟ್ಟೆ ಎಳೆಯೋದು. ಆದ್ರೆ ನಾಲ್ಕು ಮೈಲಿ ಸುತ್ತಳತೆಯ ಮುಖ್ಯ ಉಂಗುರದ ಕೊಳವೆಗೆ ಫೆಲಿಸಿಯಾ ಇಳಿಯಲೇ ಇಲ್ಲ. ವಿಜ್ಞಾನಿಗಳು ಬಲವಂತ ಮಾಡಲಿಲ್ಲ. ಚಿಕ್ಕ ಕೊಳವೆಗಳಲ್ಲಿ ಅಭ್ಯಾಸ ಮಾಡಿಸಿ, ಸ್ವಲ್ಪ ಸ್ವಲ್ಪ ಉದ್ದ ಹೆಚ್ಚಿಸಿ, ಬೇರೆ ಭಾಗದ ಕೊಳವೆಗಳಿಗೆ ಅದನ್ನ ಬಳಸಿದ್ರು. ಮುಖ್ಯ ಉಂಗುರಕ್ಕೆ ಬೇರೆ ಯಂತ್ರ ಮಾಡಿಕೊಂಡ್ರು. ನಾನು ತಾತನಿಗೆ ಇದನ್ನ ಹೇಳಿದೆ. "ಮೊದಲು ಮೂರು ಬಾಯಿಯ ಬಿಲ. ನಾನು ಹೇಳಲಿಲ್ವಾ" ಅಂದ್ರು ಅಷ್ಟೇ, ಏನೂ ಆಶ್ಚರ್ಯ ಪಡದೆ.

ವಿಮಾನಕ್ಕೆ ಎರಡು ದಿನ ಇದ್ದಾಗ ಚೂಟಿಯನ್ನ ಮತ್ತೆ ಕರ್ಕೊಂಡು ಹೋದ್ವಿ. ಈ ಸಲ ಎರಡೇ ಬಾಯಿಯ ಬಿಲ. ಇಳಿಯಿತು. ಸದ್ದಿಲ್ಲ. ಮೊಲ ಇರಲಿಲ್ಲ ಅನ್ಸುತ್ತೆ. ಐದು ನಿಮಿಷದ ನಂತರ ನನ್ನ ಮುಂದಿನ ಬಾಯಲ್ಲಿ ಮೂಗು ಕಂಡಿತು. ನಾನು ಮಂಡಿಯೂರಿ ಕೂತಿದ್ದೆ, ಅಂಗೈ ನೆಲದ ಮೇಲೆ. ಚಳಿಗೆ ಬೆರಳು ಮರಗಟ್ಟಿ ಹೋಗಿತ್ತು. ಚೂಟಿ ನೋಡಿತು. ಹಿಂದೆ ಹೋಯ್ತು. ನನ್ನ ಎದೆ ಧಸಕ್ ಅಂತು, ಆದ್ರೂ ಅಲ್ಲಾಡಲಿಲ್ಲ. ಮತ್ತೆ ಬಂತು. ತಲೆ, ಮುಂಗಾಲು, ಆ ಉದ್ದನೆ ಮೈ, ಬಾಲ. ಪೂರ್ತಿ ಹೊರಗೆ ಬಂದು ನಿಂತು ಮಣ್ಣೆಲ್ಲ ನನ್ನ ಮುಖಕ್ಕೆ ಸಿಡಿಯೋ ಹಾಗೆ ಕೊಡವಿಕೊಂಡಿತು. ಆಮೇಲೆ ನಡ್ಕೊಂಡು ಬಂದು ಅಂಗೈ ಹತ್ತಿತು.

ಹಿಂದಿನಿಂದ ತಾತ ಸಣ್ಣಗೆ "ಗುಡ್ ಗರ್ಲ್" ಅಂದ್ರು. ಒಂದು ಕ್ಷಣ ಬಿಟ್ಟು "ಗುಡ್ ಲ್ಯಾಡ್" ಅಂತಾನೂ ಅಂದ್ರು.

ಹೊರಡೋ ಹಿಂದಿನ ರಾತ್ರಿ ಅಜ್ಜಿ ತಾತನಿಗೆ ಒಂದು ಡಬ್ಬಿ ಮೊಲದ ಸಾರು ಕೊಟ್ರು. ಅವರು ಒಂದು ಚಮಚ ಕುಡಿದು, ಮುಖ ಕೆಂಪಾಗಿ, ಎರಡು ಲೋಟ ನೀರು ಕುಡಿದು, ಇನ್ನೊಂದು ಚಮಚ ಕುಡಿದ್ರು. ಅಜ್ಜಿ "ಚೂಟೀನ ಚೆನ್ನಾಗಿ ನೋಡ್ಕಳಪ್ಪ" ಅಂದ್ರು. ತಾತ ತಲೆ ಆಡಿಸಿದ್ರು. ನಾನು ಅನುವಾದ ಮಾಡಲಿಲ್ಲ, ಬೇಕಿರಲಿಲ್ಲ.

ಈ ಲೇಖನ ಬರೆಯೋಕೆ ನನಗೆ ಒಂದು ತಿಂಗಳು ಹಿಡೀತು. ಸಂಘದ ಸೀನಿಯರ್ ಮೊದಲು ಕೇಳಿದ್ದು ಒಂದೇ ಪ್ಯಾರಾ. "ತಪ್ಪಿದ್ರೆ ಇರಲಿ, ಮೊದಲು ಬರಿ" ಅಂದ್ರು. ಅದನ್ನ ಓದಿ, ಏನೂ ತಿದ್ದದೆ, "ಆಮೇಲೇನಾಯ್ತು?" ಅಂತ ಮೆಸೇಜ್ ಕಳಿಸಿದ್ರು. ಹಾಗೆ ಒಂದೊಂದೇ ಪ್ಯಾರಾ ಆಗಿ ಇಷ್ಟು ದೂರ ಬಂದಿದ್ದೀನಿ. ಕಾಗುಣಿತ ಎಲ್ಲ ಮುಗಿದ ಮೇಲೆ ಕೂತು ತಿದ್ದಿಕೊಟ್ರು. ಅವರಿಗೆ ಥ್ಯಾಂಕ್ಸ್.

ಇನ್ನೂ ತಪ್ಪು ಉಳಿದಿದ್ರೆ ದಯವಿಟ್ಟು ಹೇಳಿ. ಈಗಷ್ಟೇ ಹೊರಗೆ ಬಂದಿದ್ದೀನಿ, ಮೈ ಕೊಡವಿಕೊಳ್ಳೋಕೆ ಒಂದು ನಿಮಿಷ ಟೈಮ್ ಕೊಟ್ಟು ಆಮೇಲೆ ಹೇಳಿ.